ಸ್ವಿಚ್ ಆರಿಸಿದ ಮೇಲೂ ಉಸಿರು

"ಮೇಡಂ, ಇನ್ನೂ ಉಸಿರಾಡ್ತಾ ಐತೆ," ಎಂದಳು ಬೇತಮಂಗಲದ ಮಂಜುಳಾ. ಕೆಜಿಎಫ್‌ನ ನರ್ಸಿಂಗ್ ಕಾಲೇಜಿನಲ್ಲಿ ಅವಳು ನನ್ನ ವಿದ್ಯಾರ್ಥಿನಿ. ಅಂದಿನ ಚಿಕಿತ್ಸೆಯ ಅಭ್ಯಾಸದಲ್ಲಿ ರೋಗಿಯಾಗಿ ಮಲಗಿದ್ದದ್ದು ಕಂಪ್ಯೂಟರಿನಿಂದ ಉಸಿರಾಡುವ ಗೊಂಬೆ. ಹುಡುಗಿಯರ ತಂಡವನ್ನು ಮುನ್ನಡೆಸುವ ಸರದಿ, ತರಗತಿಯಲ್ಲಿ ಬಾಯಿಯೇ ಬಿಡದ ಮಂಜುಳಾಳದು. ಅಭ್ಯಾಸ ಮುಗಿಯಿತೆಂದು ನಾನು ಸ್ವಿಚ್ ಆರಿಸಿದ್ದೆ. ಆದರೂ ಗೊಂಬೆಯ ಎದೆ ಏರಿಳಿಯುತ್ತಿತ್ತು. ವೈರನ್ನೇ ಕಿತ್ತೆ, ಆಗಲೂ ನಿಲ್ಲಲಿಲ್ಲ. ಹುಡುಗಿಯರು ಹೆದರಿ ಬಾಗಿಲಿಗೆ ಓಡಿದರು.

"ಯಾರೂ ಓಗ್ಬೇಡ್ರೇ! ಒಬ್ರು ಕೈ ಇಡ್ಕಳ್ರೇ, ಒಬ್ರು ತಲೆ ಎತ್ತಿ ಇಡೀರೇ!" ಮಂಜುಳಾ ಗದರಿದಳು. ಎಲ್ಲರೂ ಮರಳಿ ಬಂದರು. ನಾನೂ ಅವಳ ಮಾತಿಗೆ ಆ ತಣ್ಣನೆಯ ರಬ್ಬರ್ ಕೈ ಹಿಡಿದುಕೊಂಡೆ. ಸ್ವಲ್ಪ ಹೊತ್ತಿಗೆ ಎದೆಯ ಏರಿಳಿತ ಮೆಲ್ಲಗೆ ನಿಂತಿತು.

ರಿಪೇರಿಯವರು ಬಿಚ್ಚಿ ನೋಡಿ, ಪೈಪಿನಲ್ಲಿ ಗಾಳಿ ಉಳಿದಿತ್ತೇನೋ ಎಂದರು. ಇರಬಹುದು. ಆದರೆ ಗೊಂಬೆಯನ್ನು ಆರಿಸುವಾಗ ಆ ಕೋಣೆಯಲ್ಲಿ ಒಬ್ಬಳೇ ಇರಲು ನನಗೀಗ ಧೈರ್ಯವಿಲ್ಲ, ಮಂಜುಳಾಳನ್ನು ಕರೆಯುತ್ತೇನೆ.