ಅಮ್ಮ ಒತ್ತಿದ ಕೆಂಪು ಬಟನ್

ಹೋದ ತಿಂಗಳು ಒಂದು ಗುರುವಾರ ಬೆಳಿಗ್ಗೆ, ಹನಕೆರೆ ಹತ್ತಿರ ಸರ್ವಿಸ್ ರಸ್ತೆಯಲ್ಲಿ ನಿಂತು ಮೂರು ಜನರಿಗೆ ಒಂದು ಸುಳ್ಳು ಹೇಳಿದೆ. ಅದನ್ನು ಕೇಳಿಸಿಕೊಂಡ ನಾಲ್ಕನೆಯವಳು ಕಾರಿನ ಹಿಂದಿನ ಸೀಟಿನಲ್ಲಿದ್ದ ನಮ್ಮಮ್ಮ.

ಸುಳ್ಳು ಇಷ್ಟೇ: "ಏನೂ ಆಗ್ಲಿಲ್ಲ. ಚೆನ್ನಾಗೇ ಓಡ್ತಿತ್ತು, ಇದ್ದಕ್ಕಿದ್ದಂಗೆ ನಿಂತೋಯ್ತು."

ನಡೆದದ್ದು ಬೇರೆ. ಅದನ್ನು ಹೇಳುವ ಮುಂಚೆ ಅಮ್ಮನ ಬಗ್ಗೆ ಒಂದೆರಡು ಮಾತು ಹೇಳಬೇಕು.

ನಮ್ಮಮ್ಮ ಮೂವತ್ತೊಂದು ವರ್ಷ ಹಳ್ಳಿಗಳಲ್ಲಿ ನರ್ಸ್ ಆಗಿದ್ದವಳು. ಬಸರಾಳು ಕಡೆ ಹದಿನಾಲ್ಕು ವರ್ಷ, ಮಿಕ್ಕಿದ್ದೆಲ್ಲ ಮಳವಳ್ಳಿ ಸುತ್ತಮುತ್ತ. ರಿಟೈರ್ ಆಗಿ ಎಂಟು ವರ್ಷವಾಯಿತು. ಆದರೂ ಮಳವಳ್ಳಿಯ ನಮ್ಮ ಬೀದಿಯಲ್ಲಿ ಯಾರೇ ಮಾತ್ರೆ ತಂದರೂ ಮೊದಲು ನಮ್ಮನೆ ಜಗಲಿಗೆ ಬಂದು ಅವಳಿಗೆ ತೋರಿಸುತ್ತಾರೆ, ಆಮೇಲೆ ನುಂಗುತ್ತಾರೆ. ಹಾಳೆ ತಿರುಗಿಸಿ ಡೇಟು ನೋಡುವುದು, ಊಟಕ್ಕೆ ಮುಂಚೆಯೋ ಆಮೇಲೋ ಹೇಳುವುದು, ಸಂಬಳವಿಲ್ಲದ ಡ್ಯೂಟಿ.

ದೀಪಾವಳಿ ಕಳೆದ ಮೇಲೆ ಒಂದು ದಿನ ಪಕ್ಕದ ಮನೆ ರತ್ನಮ್ಮ ಮಾತ್ರೆ ತಂದರೆ, "ನಂಗೆ ಕಾಣಾಕಿಲ್ಲ ಕಣವ್ವ, ಬ್ಯಾರೆ ಯಾರ್ಗಾರ ತೋರ್ಸು" ಅಂತ ವಾಪಸ್ ಕೊಟ್ಟಳಂತೆ. ಅದಾದ ಮೇಲೆ ಒಂದು ವಾರ ಅವಳು ಜಗಲಿಗೇ ಬರಲಿಲ್ಲ.

ಎರಡೂ ಕಣ್ಣಿಗೆ ಪೊರೆ. ಮಂಡ್ಯದ ಆಸ್ಪತ್ರೆಯಲ್ಲಿ ಮೊದಲು ಕೊಟ್ಟ ದಿನ ಬಿ.ಪಿ. ಜಾಸ್ತಿ ಅಂತ ಮನೆಗೆ ಕಳಿಸಿದರು. ಎರಡನೇ ಸಲ ಕೊಟ್ಟ ದಿನವೇ ಆ ಗುರುವಾರ. ಆಪರೇಷನ್ ಮಾಡುವ ಡಾಕ್ಟರು ಹದಿನೈದು ದಿನಕ್ಕೊಮ್ಮೆ ಬರುವವರು. ಒಂಬತ್ತೂವರೆಯೊಳಗೆ ಹೆಸರು ಬರೆಸದಿದ್ದರೆ ಆವತ್ತಿನ ಪಟ್ಟಿಯಲ್ಲಿ ಜಾಗವಿಲ್ಲ. "ಇನ್ನೊಂದ್ ಸಲ ವಾಪಸ್ ಕಳ್ಸುದ್ರೆ ನಾನಂತೂ ತಿರ್ಗಾ ಬರಾಕಿಲ್ಲ" ಅಂತ ಅಮ್ಮ ಮೊದಲೇ ಹೇಳಿದ್ದಳು. ಅವಳು ಹೇಳಿದರೆ ಹೇಳಿದಂತೆಯೇ.

ಹಿಂದಿನ ಸಂಜೆಯೇ ಅವಳನ್ನು ಮದ್ದೂರಿನ ನಮ್ಮ ಮನೆಗೆ ಕರೆತಂದಿದ್ದೆ. ಬೆಳಿಗ್ಗೆ ಎಂಟು ದಾಟಿ ಹೊರಟೆವು. ನಾನು ಆವತ್ತು ಭಾರೀ ಜವಾಬ್ದಾರಿಯುತ ಮಗ. ಫೈಲು ನನ್ನ ಕೈಲಿ, ಮಾತ್ರೆ ಚೀಲ ನನ್ನ ಕೈಲಿ. ಅಮ್ಮ ಬಾಯಿ ತೆರೆದರೆ ಸಾಕು, "ನೀನು ಸುಮ್ನೆ ಕೂತ್ಕಳಮ್ಮ, ನಾನಿದೀನಲ್ಲ." "ನಿಧಾನುಕ್ ಓಗಪ್ಪ" ಅಂತ ಎರಡು ಸಲ ಅಂದಳು. ಎರಡು ಸಲವೂ ಅದೇ ಉತ್ತರ ಕೊಟ್ಟೆ.

ಮೂರನೇ ಸಲ ಅವಳು ಹೇಳುವ ಹೊತ್ತಿಗೆ ನಾನು ಫೋನಿನಲ್ಲಿದ್ದೆ. (ಹೌದು, ಸ್ಪೀಕರ್ ಹಾಕಿದ್ದೆ. ಅದು ಸಮರ್ಥನೆಯಲ್ಲ, ಗೊತ್ತು.) ಬಣ್ಣ ಬಳಿಯದ ಒಂದು ಹಂಪ್ ಕಾಣಲೇ ಇಲ್ಲ. ಕಾರು ಎಗರಿ ದಡಾರ್ ಅಂತ ಬಿತ್ತು. ಅಮ್ಮನ ತಲೆ ಮೇಲಿನ ಛಾವಣಿಗೆ ತಾಗುವುದೊಂದು ಬಾಕಿ. ಐವತ್ತು ಹೆಜ್ಜೆ ಮುಂದೆ ಹೋಗಿ ಇಂಜಿನ್ ಆಫ್.

ಕೀ ತಿರುಗಿಸಿದೆ. ಕುರ್‌ರ್, ಕುರ್‌ರ್. ಇಂಜಿನ್ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಗಂಟೆ ಎಂಟು ಮೂವತ್ತೈದು.

ನಮ್ಮ ಕಡೆ ಬಾನೆಟ್ ಎತ್ತಿದರೆ ಸಾಕು, ಜನರನ್ನು ಕರೆಯುವುದೇ ಬೇಡ. ಎದುರಿಗೆ ಎಳನೀರು ಮಾರುತ್ತಿದ್ದವನು ಮಚ್ಚು ಇಟ್ಟು ಬಂದ. ಬೈಕಿಗೆ ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗುತ್ತಿದ್ದವನು ನಿಲ್ಲಿಸಿ ಇಳಿದ. "ಏನಾಯ್ತು ಸಾ?" ಅಂದರು. ಆಗಲೇ ನಾನು ಆ ಸುಳ್ಳು ಹೇಳಿದ್ದು. ನಲವತ್ತು ದಾಟಿದ ಗಂಡಸು, ಆಪರೇಷನ್ನಿಗೆ ಹೊರಟ ತಾಯಿಯನ್ನು ಕೂರಿಸಿಕೊಂಡು ಫೋನಿನಲ್ಲಿ ಮಾತಾಡುತ್ತಾ ಹಂಪ್ ಹಾರಿಸಿದೆ ಅಂತ ಯಾವ ಬಾಯಲ್ಲಿ ಹೇಳಲಿ?

ಹಾಲಿನವನು ಬ್ಯಾಟರಿ ವೀಕು ಅಂದ, ಅದರ ಕ್ಲಿಪ್ಪುಗಳನ್ನು ಬಿಗಿ ಮಾಡಿದ. ಎಳನೀರಿನವನು ಪ್ಲಗ್ಗು ಅಂದ. ಮದ್ದೂರಿನ ನನ್ನ ಮೆಕ್ಯಾನಿಕ್‌ಗೆ ಫೋನ್ ಮಾಡಿ ಅದೇ ಸುಳ್ಳು ಹೇಳಿದೆ. "ಪೆಟ್ರೋಲ್ ಪಂಪ್ ಹೋಗಿರುತ್ತೆ ಸರ್. ನಾನು ಬರೋದು ಹನ್ನೊಂದಾಗುತ್ತೆ" ಅಂದ. ಬಂದ ಎರಡು ಆಟೊಗಳಲ್ಲೂ ಸ್ಕೂಲ್ ಮಕ್ಕಳು ತುಂಬಿದ್ದರು. ಮಂಡ್ಯದ ಗೆಳೆಯ ಫೋನ್ ಎತ್ತಲಿಲ್ಲ.

ಎಂಟು ಐವತ್ತಕ್ಕೆ ಹಿಂದಿನ ಬಾಗಿಲು ತೆರೆಯಿತು. ಅಮ್ಮ ಇಳಿದು ಬಾಗಿಲು ಹಿಡಿದುಕೊಂಡೇ ನಿಂತಳು.

"ಅವ್ರ್‌ಗೆ ಅಂಪ್ ಆರ್ಸಿದ್ದು ಏಳ್ದೇನ್ಲಾ?"

ಹಾಲಿನವನು, "ಯಾವ್ ಅಂಪಮ್ಮ?" ಅಂದ.

"ಫೋನಲ್ ಮಾತಾಡ್ಕಂಡು ಆರ್ಸ್ಬುಟ್ಟ ಕಣಪ್ಪ. ಗಾಡಿ ನಿಂತಿದ್ದು ಅದಾದ್ಮೇಕೇಯ. ರೋಗಿನೇ ಸುಳ್ಳೇಳುದ್ರೆ ನೀವ್ ತಾನೇ ಏನ್ ಮಾಡೀರಿ?"

ಮುಖ ಎಲ್ಲಿಡಲಿ? ಆದರೆ ಅವಳಿಗೆ ನನ್ನ ಮುಖ ನೋಡುವ ಪುರುಸೊತ್ತಿರಲಿಲ್ಲ. (ಕಂಡರೆ ತಾನೇ ನೋಡುವುದು, ಪಾಪ.) ಒಂದೊಂದಾಗಿ ಕೇಳತೊಡಗಿದಳು.

"ಲೈಟ್ ಅತ್ಕತ್ತದಾ?"

"ಹತ್ಕೊಳುತ್ತೆ."

"ಅಂಗಾರೆ ಬ್ಯಾಟ್ರಿ ಸುದ್ದಿ ಬುಡಿ. ಪೆಟ್ರೋಲ್?"

"ಅರ್ಧ ಟ್ಯಾಂಕ್ ಇದೆ."

"ಏಟು ಬಿದ್ಮೇಕೆ ನಿಂತೈತೆ. ಏಟ್ ಬಿದ್ರೆ ಏನ್ ಮಾಡ್ಬೇಕು ಅಂತ ಬುಕ್ಕಲ್ ಬರ್ದವ್ರಾ ನೋಡು."

"ಯಾವ ಬುಕ್ಕಮ್ಮ?"

"ಕಾರ್ ಜೊತೇಲಿ ಬುಕ್ಕು ಕೊಡ್ನಿಲ್ವಾ? ನಮ್ಗೆ ಲಸಿಕೆ ಇಡೋ ಫ್ರಿಜ್ ಕೊಟ್ಟಾಗ ಕೊಟ್ಟಿದ್ರು. ಕೆಟ್ಟಾಗೆಲ್ಲ ನಾನೇ ಓದ್ಕಂಡು ನೋಡ್ತಿದ್ದೆ. ರಿಪೇರಿಯವ್ನು ಬರಗಂಟ ಲಸಿಕೆ ಕಾಯ್ತದಾ?"

ಡ್ಯಾಶ್‌ಬೋರ್ಡಿನ ಡಬ್ಬಿ ತೆಗೆದೆ. ಕಾರು ಕೊಂಡು ಒಂಬತ್ತು ವರ್ಷ. ಮ್ಯಾನ್ಯುಯಲ್ ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು. ವಾರ ವಾರವೂ ಈ ಅಂಕಣದಲ್ಲಿ ಊರಿಗೆಲ್ಲ 'ಓದಿ, ಓದಿ' ಅಂತ ಬರೆಯುವವನು ಅದರ ಒಂದು ಪುಟವನ್ನೂ ತಿರುವಿರಲಿಲ್ಲ. ಅಮ್ಮನಿಗೆ ಅಕ್ಷರ ಕಾಣದು, ಹಾಗಾಗಿ ನಾನು ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ.

ಇತ್ತು. ಕಾರಿಗೆ ಢಿಕ್ಕಿಯಾದರೆ, ಇಲ್ಲವೇ ಜೋರಾಗಿ ಕುಲುಕಿದರೆ, ಬೆಂಕಿ ಹತ್ತದಿರಲಿ ಅಂತ ಒಂದು ಸ್ವಿಚ್ ತಾನಾಗಿಯೇ ಪೆಟ್ರೋಲ್ ನಿಲ್ಲಿಸಿಬಿಡುತ್ತದಂತೆ. ಆಗ ಅದರ ಮೇಲಿನ ಕೆಂಪು ಬಟನ್ ಎದ್ದು ನಿಂತಿರುತ್ತದೆ. ಒತ್ತಿದರೆ ಮತ್ತೆ ಪೆಟ್ರೋಲ್ ಹರಿಯುತ್ತದೆ. ಪಂಪ್ ಕೆಟ್ಟಿರಲಿಲ್ಲ, ಬರೀ ಬಂದ್ ಆಗಿತ್ತು.

ಜಾಗ: ಮುಂದಿನ ಎಡ ಸೀಟಿನಲ್ಲಿ ಕೂತವರು ಕಾಲಿಡುವಲ್ಲಿ, ಪಕ್ಕದ ಗೋಡೆಯ ಸಣ್ಣ ಮುಚ್ಚಳದ ಹಿಂದೆ. ಮುಚ್ಚಳ ಕಿತ್ತೆ. ನನ್ನ ಹೊಟ್ಟೆ ಅಲ್ಲಿಂದ ಮುಂದೆ ಬಗ್ಗಲು ಬಿಡಲಿಲ್ಲ. "ಸರ್ಕ ಅತ್ಲಾಗೆ" ಅಂತ ಅಮ್ಮ ನನ್ನನ್ನು ಪಕ್ಕಕ್ಕೆ ತಳ್ಳಿ, ಸೀಟಿನ ಅಂಚಿಗೆ ಕೂತು, ತನ್ನ ಸಣ್ಣ ಕೈಯನ್ನು ಒಳಗೆ ಬಿಟ್ಟಳು. ಕಣ್ಣು ಮುಚ್ಚಿಕೊಂಡಿದ್ದಳು. ಬೆರಳಲ್ಲೇ ಹುಡುಕುತ್ತಿದ್ದಳು.

"ಇಲ್ಲೈತೆ. ಉಬ್ಕಂಡೈತೆ."

"ಒತ್ತಮ್ಮ, ಬೇಗ ಒತ್ತು."

ಅವಳು ಕೈ ಆಚೆ ತೆಗೆದಳು. "ಒತ್ತಾಕ್ ಮುಂಚೆ ಏನೋ ನೋಡು ಅಂತ ಓದ್ದಲ್ಲ?"

ಓದಿದ್ದೆ. ಮೊದಲು ಕೀ ಆಫ್ ಮಾಡಿ, ಪೆಟ್ರೋಲ್ ಸೋರುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಅವಸರದಲ್ಲಿ ನಾನೇ ಓದಿ ನಾನೇ ಮರೆತಿದ್ದೆ. ಕೀ ಆಫ್ ಮಾಡಿ, ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲೇ ರಸ್ತೆ ಮೇಲೆ ಮಲಗಿ ಕಾರಿನ ಅಡಿ ನೋಡಿದೆ. ಹಾಲಿನವನು ಇನ್ನೊಂದು ಕಡೆ ಕುಕ್ಕರುಗಾಲಲ್ಲಿ ಕೂತು ವಾಸನೆ ನೋಡಿದ. ಎಳನೀರಿನವನು ಬೀಡಿಯನ್ನು ಮೋರಿಗೆ ಎಸೆದು ಬಂದ. ಎಲ್ಲೂ ಸೋರಿಕೆಯಿಲ್ಲ.

ಅಮ್ಮ ಮತ್ತೆ ಕೈ ಒಳಗೆ ಬಿಟ್ಟು ಒತ್ತಿದಳು. ಟಿಕ್.

ಕೀ ಅರ್ಧ ತಿರುಗಿಸಿದೆ. ಹಿಂದಿನ ಸೀಟಿನಡಿಯಿಂದ ಗುಂಯ್ ಅಂತ ಸಣ್ಣ ಸದ್ದು. ಒಂಬತ್ತು ವರ್ಷ ಆ ಸದ್ದು ನನ್ನ ಕಿವಿಗೇ ಬಿದ್ದಿರಲಿಲ್ಲ. ಅಮ್ಮ ಇನ್ನೊಂದು ಸಲ ಅಡಿ ನೋಡಿಸಿದಳು. ಆಮೇಲೆ ಪೂರಾ ತಿರುಗಿಸಿದೆ. ಇಂಜಿನ್ ಸ್ಟಾರ್ಟ್. ಗಂಟೆ ಒಂಬತ್ತು ಎರಡು.

"ಯಾವ್ ಗ್ಯಾರೇಜಲ್ ಕಲ್ತ್ರವ್ವ?" ಅಂದ ಎಳನೀರಿನವನು.

"ಬಸರಾಳ್ ಆಸ್ಪತ್ರೇಲಿ ಕಣಪ್ಪ."

ನನ್ನ ಎದೆ ಶರ್ಟಿನ ಗುಂಡಿ ಕೀಳುವಷ್ಟು ಉಬ್ಬಿತು. ಆ ಶರ್ಟು ಬೇರೆ ಧೂಳಾಗಿತ್ತು, ಇರಲಿ.

ಮಂಡ್ಯದ ತನಕ ಪ್ರತಿ ಹಂಪಿಗೂ ಕಾರನ್ನು ಹಸುಗೂಸಿನಂತೆ ಹತ್ತಿಸಿ ಇಳಿಸಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ನಾವು ಮೂವರು ಗಂಡಸರು, ಫೋನಿನಲ್ಲೊಬ್ಬ, ಒಟ್ಟು ನಾಲ್ವರು ರಿಪೇರಿ ಶುರುಮಾಡಿದ್ದೆವು. ಕೆಡುವ ಮುಂಚೆ ಏನಾಯಿತು ಅಂತ ನಿಜ ಹೇಳಿದವರು, ಬೆನ್ನು ಹತ್ತಿ ಕೇಳಿದವರು ಒಬ್ಬರೂ ಇಲ್ಲ. ಮಗನ ಮಾರ್ಕ್ಸ್ ಬಿದ್ದರೆ ತಕ್ಷಣ ಟ್ಯೂಷನ್. ಹೊಟ್ಟೆ ಉರಿದರೆ ತಕ್ಷಣ ಗುಳಿಗೆ. ಮನೆಯಲ್ಲಿ ಒಬ್ಬರು ಮಾತು ಬಿಟ್ಟರೆ, 'ಸುಮ್ ಸುಮ್ನೆ ಕೋಪ ಮಾಡ್ಕೊಂಡವ್ರೆ.' ಇದ್ದಕ್ಕಿದ್ದಂತೆ ಯಾವುದಾದರೂ ಕೆಡುತ್ತದೆಯೇ? ಹಿಂದೆ ಐವತ್ತು ಹೆಜ್ಜೆ ನಡೆದು ನೋಡಿದರೆ ಅಲ್ಲೊಂದು ಹಂಪ್ ಇದ್ದೇ ಇರುತ್ತದೆ, ಅದನ್ನು ಹಾರಿಸಿದವರು ಬಹಳ ಸಲ ನಾವೇ ಆಗಿರುತ್ತೇವೆ.

ಬಲಗಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಮೊನ್ನೆ ರತ್ನಮ್ಮ ಫೋನ್ ಮಾಡಿದ್ದರು. ಅವರು ತಂದ ಮಾತ್ರೆ ಹಾಳೆಯನ್ನು ಅಮ್ಮ ಬಲಗಣ್ಣಿನ ಹತ್ತಿರ ಹಿಡಿದು, ಎರಡು ತಿಂಗಳ ಹಿಂದೆಯೇ ಡೇಟು ಮುಗಿದಿದೆ ಅಂತ ಬೈದು ಕಳಿಸಿದಳಂತೆ. ಬೈಸಿಕೊಂಡ ರತ್ನಮ್ಮ ಫೋನಿನಲ್ಲಿ ನಗುತ್ತಿದ್ದರು. ನಾನು ಈ ಕಥೆಯನ್ನು ಮೆಕ್ಯಾನಿಕ್‌ಗೂ ಹೇಳಿದೆ. "ನಾನೂ ಅದನ್ನೇ ಹೇಳೋಣ ಅಂತಿದ್ದೆ ಸರ್" ಅಂದ.

ಒಂದು ವಿಷಯ ಬಿಟ್ಟೆ. ಆವತ್ತು ಒಂಬತ್ತು ಇಪ್ಪತ್ನಾಲ್ಕಕ್ಕೆ ಆಸ್ಪತ್ರೆಯ ಕೌಂಟರ್ ಮುಟ್ಟಿದಾಗ, ಅಲ್ಲಿದ್ದ ಹುಡುಗಿ ಅಮ್ಮನ ತಲೆ ಮೇಲಿಂದ ನನ್ನ ಕಡೆ ನೋಡಿ, "ಪೇಷಂಟ್‌ಗೆ ಶುಗರ್, ಬಿ.ಪಿ. ಏನಾದ್ರೂ ಇದ್ಯಾ ಸರ್?" ಅಂದಳು. ಉತ್ತರ ನನ್ನ ನಾಲಿಗೆ ತುದಿಯಲ್ಲಿತ್ತು, ಫೈಲೂ ನನ್ನ ಕೈಯಲ್ಲೇ ಇತ್ತು.

"ಅವರನ್ನೇ ಕೇಳಿ" ಅಂದೆ.