ಅಕ್ಕ ಹತ್ತಲಾಗದ ಕಾರು

ಕಾರಿನ ಹುಚ್ಚಿರುವವರೆಲ್ಲ ಸೇರಿ ಮೊಬೈಲಿನಲ್ಲಿ ಮಾಡಿಕೊಂಡಿರುವ ಗುಂಪೊಂದಿದೆ. ಅಲ್ಲಿ ಮಾತೆಲ್ಲ ಕನ್ನಡದಲ್ಲೇ. ಹೋದ ವರ್ಷ ಮಳೆ ಹಿಡಿಯುವ ಹೊತ್ತಿಗೆ ನಾನು ಅದರಲ್ಲಿ ಒಂದು ಪ್ರಶ್ನೆ ಹಾಕಿದೆ. ನಾನು ಸಕಲೇಶಪುರದ ಕಡೆಯ ಪ್ಲಾಂಟರ್, ತೋಟದ ರಸ್ತೆ ಬಹಳ ಕೆಟ್ಟದು, ಹೆತ್ತೂರು, ಬಿಸಿಲೆ ಘಾಟಿ ಕಡೆ ಓಡಾಟ ಜಾಸ್ತಿ, ಯಾವ ಗಾಡಿ ತೆಗೆದುಕೊಳ್ಳಲಿ ಅಂತ ಕೇಳಿದ್ದೆ.

ಅದರಲ್ಲಿ ನಮ್ಮೂರು ಸಕಲೇಶಪುರದ ಕಡೆ ಅನ್ನುವುದೊಂದು ನಿಜ. ನಮಗಿರುವುದು ಗದ್ದೆಯ ಮೇಲುಗಡೆ ಒಂದಿಷ್ಟು ಕಾಫಿ. ಅಷ್ಟಕ್ಕೆ ಯಾರೂ ಪ್ಲಾಂಟರ್ ಅನ್ನುವುದಿಲ್ಲ. ಪಂಚಾಯಿತಿಯವರು ನಮ್ಮ ಗೇಟಿನವರೆಗೂ ಕಾಂಕ್ರೀಟು ಹಾಕಿದ್ದಾರೆ. ಬಿಸಿಲೆ ಕಡೆಗೆ ನಾನು ಹೋಗಿದ್ದು ಯಾರದೋ ಮದುವೆಗೆ, ಅದೂ ದಿಬ್ಬಣದ ಬಸ್ಸಿನಲ್ಲಿ.

ಕಾರು ಬೇಕಾಗಿದ್ದದ್ದು ಅಕ್ಕನಿಗೆ. ಅದನ್ನು ನಾನು ಬರೆಯಲೇ ಇಲ್ಲ.

ಮನೆಯಲ್ಲಿ ನಾವಿಬ್ಬರೇ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟಾಗ ಹೊಡೆದವಳೂ ಅವಳೇ. ಬೆಳಗೋಡಿನಲ್ಲಿ ಅವಳದೊಂದು ಹೊಲಿಗೆ ಅಂಗಡಿ. ಎಸ್ಟೇಟಿನ ಲೈನ್ ಮನೆಗಳ ಹೆಂಗಸರು, ಸ್ಕೂಲಿನ ಟೀಚರಮ್ಮಂದಿರು, ಎಲ್ಲರ ಬ್ಲೌಸೂ ಅವಳ ಕೈಯಲ್ಲೇ ಆಗಬೇಕು. ನಾನು ಗುಂಪಿನಲ್ಲಿ ಕೇಳುವುದಕ್ಕೆ ಹಿಂದಿನ ಮಳೆಗಾಲದಲ್ಲಿ ಕಾಫಿ ಒಣಗಿಸುವ ಕಣದ ಪಾಚಿಯ ಮೇಲೆ ಜಾರಿ ಬಿದ್ದು ಅವಳ ಸೊಂಟದ ಕೀಲು ಮುರಿಯಿತು. ಹಾಸನದಲ್ಲಿ ಆಪರೇಷನ್ ಆಯಿತು. ಕೋಲು ಹಿಡಿದು ನಡೆಯುವಷ್ಟಾದಳು. ಆದರೆ ಬಸ್ಸಿನ ಮೆಟ್ಟಿಲು ಹತ್ತುವುದು ಆಗಲೇ ಇಲ್ಲ. ಅಂಗಡಿ ಮುಚ್ಚಿತು, ಮಿಷನ್ ಮನೆಗೆ ಬಂತು. ಗೌರಿ ಹಬ್ಬದ ಹೊತ್ತಿಗೆ ಬಾಗಿಲು ತೆಗೆಯದಿದ್ದರೆ ಮೊಬೈಲ್ ರಿಪೇರಿಯವನಿಗೆ ಕೊಡುತ್ತೇನೆ ಅಂತ ಅಂಗಡಿಯ ಮಾಲೀಕರು ಹೇಳಿ ಕಳಿಸಿದರು.

ನಮ್ಮಲ್ಲಿ ಕಾಫಿ ನನ್ನದು, ಕಾಳುಮೆಣಸು ಅಕ್ಕನದು. ಅಪ್ಪ ಇದ್ದಾಗಲೇ ಹಾಗೆ ಮಾತಾಗಿತ್ತು. ಒಳ್ಳೆಯ ರೇಟಿಗೆ ಕಾಯುತ್ತ ಅವಳು ಹಲವು ವರ್ಷದ ಮೆಣಸನ್ನು ಮೂಟೆ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದಳು. ಅಂಗಡಿಯ ಮಾತು ಬಂದ ದಿನ ಅಟ್ಟದ ಕಡೆ ನೋಡಿ, ಅದನ್ನ ಇಳಿಸಿ ಮಾರು, ಒಂದು ಕಾರು ತಗೊಂಡು ಬಾ, ದಿನಾ ಬಿಟ್ಟು ಕರಕೊಂಡು ಬಾ ಅಂದಳು. ಬೇರೇನೂ ಹೇಳಲಿಲ್ಲ. ಬಣ್ಣ ಸಹ ಹೇಳಲಿಲ್ಲ.

ಆಗ ಕಾರಿನ ರೇಟು ಕೇಳುವ ಹಾಗಿರಲಿಲ್ಲ. ಕಾಫಿಗೆ ಬೆಲೆ ಬಂದಿದ್ದರಿಂದ ನಮ್ಮ ಕಡೆ ಎಲ್ಲರೂ ಗಾಡಿಗೆ ಮುಗಿಬಿದ್ದಿದ್ದರು. ಹೊಸದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಹಳೆಯದಕ್ಕೆ ಹೊಸದರ ಬೆಲೆ ಹೇಳುತ್ತಿದ್ದರು. ಮೋಸ ಹೋಗಬಾರದು, ತಿಳಿದವರನ್ನು ಕೇಳೋಣ ಅಂತಲೇ ನಾನು ಗುಂಪಿಗೆ ಸೇರಿದ್ದು. ಅಷ್ಟರ ಮಟ್ಟಿಗೆ ನನ್ನ ಉದ್ದೇಶ ಚೆನ್ನಾಗಿಯೇ ಇತ್ತು.

ಬಿಸಿಲೆ ಅನ್ನುವ ಹೆಸರು ನೋಡಿದ್ದೇ ತಡ, ಉತ್ತರಗಳು ಸುರಿದವು. ಒಬ್ಬರು ನಾಲ್ಕೂ ಚಕ್ರ ಎಳೆಯುವ ಫೋರ್ ಬೈ ಫೋರ್ ಇಲ್ಲದಿದ್ದರೆ ಆಗುವುದೇ ಇಲ್ಲ ಅಂದರು. ಇನ್ನೊಬ್ಬರು ಗಾಡಿಯ ಹೊಟ್ಟೆ ನೆಲದಿಂದ ಎಷ್ಟು ಎತ್ತರ ಇರಬೇಕು ಅಂತ ಚಿತ್ರ ಬರೆದು ಕಳಿಸಿದರು. ಟೈರಿನ ವಿಷಯಕ್ಕೆ ಇಬ್ಬರು ಜಗಳವನ್ನೇ ಆಡಿದರು. ಎಲ್ಲರೂ ನನ್ನನ್ನು ಸರ್ ಅನ್ನುತ್ತಿದ್ದರು. ನಿಮ್ಮಂಥ ಪ್ಲಾಂಟರ್‌ಗಳಿಗೆ ಅಂತ ಬರೆಯುತ್ತಿದ್ದರು. ಅದುವರೆಗೆ ನನ್ನನ್ನು ಸರ್ ಅಂದವರು ಯಾರೂ ಇರಲಿಲ್ಲ. ಬೆಳಗಿನ ಕಾಫಿ ಆರಿ ತಣ್ಣಗಾದರೂ ನಾನು ಅದನ್ನೇ ಓದುತ್ತ ಕೂತಿರುತ್ತಿದ್ದೆ.

ಒಬ್ಬರು ಮಾತ್ರ ಬೇರೆ ಥರ ಬರೆದರು. ತಮ್ಮ ಚಿತ್ರದ ಜಾಗದಲ್ಲಿ ಹಳೇ ಕಾರಿನ ಸ್ಟೇರಿಂಗಿನ ಫೋಟೋ ಹಾಕಿಕೊಂಡಿದ್ದವರು. ರಸ್ತೆಯ ಬಗ್ಗೆ ಹೇಳಿದ್ದೀರಿ ಸರಿ, ಗಾಡಿಯಲ್ಲಿ ದಿನಾ ಕೂರುವವರು ಯಾರು, ವಯಸ್ಸಾದವರು ಇದ್ದಾರಾ ಅಂತ ಕೇಳಿದ್ದರು. ಇದ್ದರೆ ಮೇಲ್ಛಾವಣಿ ಎತ್ತರ ಇರುವ ಒಂದು ಚಿಕ್ಕ ಕಾರು ಸಾಕು, ಬೆಲೆಯೂ ಅಷ್ಟು ಏರಿಲ್ಲ ಅಂದಿದ್ದರು.

ಕೋಲು ಹಿಡಿದ ಅಕ್ಕ ಇದ್ದಾಳೆ ಅಂತ ಬರೆಯಲು ನನಗೆ ನಾಚಿಕೆಯಾಯಿತು. ಅಷ್ಟು ಜನ ಬಿಸಿಲೆ ಘಾಟಿ, ಕೆಸರು ಅಂತ ಮಾತಾಡುತ್ತಿರುವಾಗ ನಡುವೆ ಹೊಲಿಗೆ ಅಂಗಡಿಯನ್ನು ಎಲ್ಲಿ ತರಲಿ? ಚಿಕ್ಕ ಕಾರು ಅಂದಿದ್ದಕ್ಕೆ ಸಿಟ್ಟೂ ಬಂತು. ಜಾಸ್ತಿ ನಾನು ಮತ್ತು ಫ್ರೆಂಡ್ಸ್ ಸರ್ ಅಂತ ಬರೆದೆ. ಅವರು ಹಾಗಾದರೆ ತೊಂದರೆ ಇಲ್ಲ ಅಂದರು.

ಮೆಣಸು ಇಳಿಸಿ ಮಾರಿದೆ. ನನ್ನ ಕಾಫಿಯ ದುಡ್ಡೂ ಸೇರಿಸಿ, ಗುಂಪಿನವರು ಹೊಗಳಿದಂಥದ್ದೇ ಒಂದು ಎತ್ತರದ ಗಾಡಿಯನ್ನು ಹಾಸನದಿಂದ ತಂದೆ. ಇನ್ನೊಬ್ಬರು ಓಡಿಸಿದ್ದು. ಬೆಲೆ ಹೊಸದರ ಹತ್ತಿರ ಹತ್ತಿರವೇ. ಆಲೂರು ದಾಟುವಾಗ ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು.

ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು ಜಗಲಿಯ ಮೇಲೆ ಕಾಯುತ್ತಿದ್ದಳು. ಚಕ್ರದ ಕೆಳಗೆ ಇಡಲು ನಿಂಬೆಹಣ್ಣನ್ನು ಅವಳೇ ಹುಡುಕಿ ಇಟ್ಟಿದ್ದಳು. ಪೂಜೆ ಮಾಡಿ, ನಿಂಬೆಹಣ್ಣು ಹಿಸುಕುವಷ್ಟು ಗಾಡಿ ಮುಂದೆ ಬಿಟ್ಟು, ಬಾ ಅಕ್ಕ ಅಂತ ಬಾಗಿಲು ತೆಗೆದೆ.

ಅವಳು ಬಾಗಿಲ ಹತ್ತಿರ ಬಂದು ನಿಂತಳು. ಸರಿ ಇರುವ ಕಾಲನ್ನು ಮೇಲಕ್ಕೆ ಎತ್ತಬೇಕಾದರೆ ಆಪರೇಷನ್ ಆದ ಕಾಲಿನ ಮೇಲೆ ಪೂರ್ತಿ ಭಾರ ಬೀಳಬೇಕು. ಒಂದು ಸಲ ಎತ್ತಲು ನೋಡಿದಳು. ಮುಖ ಬಿಳುಚಿತು. ಕಾಲನ್ನು ಮೆಲ್ಲಗೆ ಕೆಳಗಿಟ್ಟಳು.

"ಬಸ್ಸಿಗಿಂತ ಎತ್ತರ ಐತೆ ಕಣೋ."

ಬೈಯಲಿಲ್ಲ. ಬಟ್ಟೆ ಅಳತೆಗಿಂತ ಕಡಿಮೆ ಬಂದಿದೆ ಅಂತ ಗಿರಾಕಿಗೆ ಹೇಳುವಾಗಿನ ದನಿಯಲ್ಲಿ ಹೇಳಿದಳು, ಅಷ್ಟೆ. ನಾನು ಎತ್ತಿ ಕೂರಿಸುತ್ತೇನೆ ಅಂದೆ.

"ಇಲ್ಲಿ ಎತ್ತಿ ಕೂರಿಸ್ತೀಯ. ಬೆಳಗೋಡಲ್ಲಿ ಅಂಗಡಿ ಮುಂದೆ ಎತ್ತಿ ಇಳಿಸ್ತೀಯ? ಬಟ್ಟೆ ಕೊಡಕ್ಕೆ ಬಂದೋರು ನೋಡ್ಕಂಡು ನಿಂತಿರ್ಲಾ?"

ಒಳಗಿನಿಂದ ಮಣೆ ತಂದೆ. ಅದು ಒದ್ದೆ ನೆಲದ ಮೇಲೆ ಜಾರಿತು. ಪ್ಲಾಸ್ಟಿಕ್ ಸ್ಟೂಲು ಇಟ್ಟೆ. ಅದು ಅಲ್ಲಾಡಿತು. ಜಾರಿ ಬಿದ್ದೇ ಕೀಲು ಮುರಿದುಕೊಂಡವಳು ಅದರ ಮೇಲೆ ಕಾಲಿಡಲು ಒಪ್ಪಲಿಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ ಇದು ಬರೀ ಪೆದ್ದುತನ ಆಗುತ್ತಿತ್ತು. ಆದರೆ ಗುಂಪಿನವರು ಬೆಳಿಗ್ಗೆಯಿಂದ ಫೋಟೋ ಕೇಳುತ್ತಿದ್ದರು. ಅಕ್ಕ, ಗಾಡಿ ಪಕ್ಕ ನಿಂತುಕೋ ಅಂದೆ. ನಿಂತಳು. ಮೊಬೈಲಿನಲ್ಲಿ ನೋಡಿದೆ. ಕೋಲು ಕಾಣುತ್ತಿತ್ತು. ಅದನ್ನ ಒಂದು ಗಳಿಗೆ ಇಲ್ಲಿ ಕೊಡು ಅಂದೆ. ಅವಳು ನನ್ನ ಮುಖವನ್ನೇ ನೋಡಿ, ಕೋಲು ಕೊಟ್ಟು, ಬಾನೆಟ್ಟಿನ ಮೇಲೆ ಕೈ ಊರಿ ನಿಂತಳು. ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು ನಾನು ಫೋಟೋ ತೆಗೆದೆ. ಸರಿಯಾಗಿ ಬರಲಿಲ್ಲ ಅಂತ ಇನ್ನೊಂದು ತೆಗೆದೆ.

ಅಕ್ಕನ ಆಶೀರ್ವಾದ ಅಂತ ಬರೆದು ಹಾಕಿದೆ. ಅಭಿನಂದನೆಗಳು ಬಂದವು. ಸ್ಟೇರಿಂಗಿನವರು, ಅಕ್ಕನವರಿಗೆ ಹತ್ತಿ ಇಳಿಯಲು ಆರಾಮಾಗಿದೆಯಾ ಅಂತ ಕೇಳಿದರು. ಸೂಪರ್ ಸರ್, ದಿನಾ ಇದರಲ್ಲೇ ಅಂಗಡಿಗೆ ಹೋಗ್ತಾರೆ ಅಂತ ನಾನು ಬರೆದೆ.

ಗೌರಿ ಹಬ್ಬ ಹತ್ತಿರ ಬಂತು. ಅಕ್ಕ ನನ್ನನ್ನು ಕೇಳದೆ ದಿನಾ ಅಂಗಡಿಗೆ ಬಿಡಲು ಮೇಲಿನ ಮನೆಯ ಆಟೋದವನಿಗೆ ಹೇಳಿದಳು. ಆಟೋದ ಸೀಟಿಗೆ ಬೆನ್ನು ಕೊಟ್ಟು ಕೂತು, ಆಮೇಲೆ ಒಂದೊಂದೇ ಕಾಲು ಒಳಗೆ ಎಳೆದುಕೊಳ್ಳಬಹುದು. ಕುಲುಕಾಟಕ್ಕೆ ಸೊಂಟ ನೋಯುತ್ತದೆ, ಮಳೆಯ ಇರಚಲು ಬಡಿಯುತ್ತದೆ. ಆದರೂ ಹತ್ತಬಹುದು. ಅವಳು ಕಾಲು ಚಾಚಿ ಕೂತ ಮೇಲೆ ಅದರಲ್ಲಿ ಮಿಷನ್ನಿಗೆ ಜಾಗ ಇರಲಿಲ್ಲ. ಅದನ್ನು ನನ್ನ ಗಾಡಿಗೆ ಹಾಕಿದೆವು. ಆಟೋದವನು ಒಂದು ಕಡೆ ಹಿಡಿದು ಮಿಷನ್ ಎತ್ತಿ ಕೂರಿಸಿ, ಸೀಟು ತಟ್ಟಿ ನೋಡಿದ.

"ಮಿಷನ್ನಿಗೆ ಒಳ್ಳೆ ಗಾಡಿ ತಂದಿದ್ದೀಯ ಬಿಡು ಮಾರಾಯ."

ನಾನು ಗಾಡಿಯ ಬಾಗಿಲು ಹಾಕಿದೆ. ಆಟೋದ ಒಳಗಿನಿಂದ ಅಕ್ಕ ಹೇಳಿದಳು.

"ಸುಮ್ನಿರೋ. ಅವ್ನು ನನಗೆ ಅಂತ್ಲೇ ತಂದಿದ್ದು."

ಬೆಳಗೋಡಿನವರೆಗೆ ಅವಳ ಆಟೋ ಮುಂದೆ, ನನ್ನ ಗಾಡಿ ಹಿಂದೆ. ಏರಿನಲ್ಲಿ ಆಟೋ ತಿಣುಕುವಾಗ ನಾನು ಬ್ರೇಕು ಹಿಡಿದು ಕಾಯುತ್ತಿದ್ದೆ. ಟಾರ್ಪಾಲಿನ ಸಂದಿಯಿಂದ ಅವಳ ಸೀರೆಯ ಸೆರಗು ಹೊರಗೆ ಬಂದು ನೆನೆಯುತ್ತಿತ್ತು. ನನ್ನ ಗಾಡಿಯೊಳಗೆ ಮಿಷನ್ ಒಂದು ಹನಿ ನೀರು ತಾಗದೆ ಬೆಚ್ಚಗೆ ಕೂತಿತ್ತು.

ಅಂಗಡಿಯಲ್ಲಿ ಮಿಷನ್ ಇಳಿಸಿ ಕೊಟ್ಟು ಗಾಡಿಗೆ ಬಂದು ಕೂತೆ. ಸ್ಟೇರಿಂಗಿನವರಿಗೆ ಎಲ್ಲ ಬರೆದೆ. ತೋಟದ ಅಳತೆ, ಕಾಂಕ್ರೀಟು ರಸ್ತೆ, ಅಕ್ಕನ ಕೀಲು, ಆಟೋ. ಬೈಯುತ್ತಾರೆ ಅಂದುಕೊಂಡಿದ್ದೆ. ಮಧ್ಯಾಹ್ನ ಉತ್ತರ ಬಂತು. ಅಕ್ಕ ಯಾವ ಕುರ್ಚಿಯಿಂದ ಕೈ ಊರದೆ ಏಳುತ್ತಾರೋ ಅದರ ಎತ್ತರ ಅಳೆದು ಹೇಳಿ, ಸೀಟು ಅದಕ್ಕಿಂತ ಎತ್ತರವೂ ಬೇಡ, ತಗ್ಗೂ ಬೇಡ, ಅಲ್ಲಿಂದ ಹುಡುಕೋಣ ಅಂತ ಇತ್ತು. ನನಗೆ ಸರ್ ಅಂದಿರಲಿಲ್ಲ.

ಅಂಗಡಿಗೆ ಹೋಗಿ, ಸ್ವಲ್ಪ ಏಳು, ಕುರ್ಚಿ ಅಳೀಬೇಕು ಅಂದೆ. ಯಾಕೆ ಅಂದಳು. ಹೇಳಿದೆ. ಪ್ಲಾಂಟರ್ ಅಂತ ಬರೆದದ್ದು, ಅವಳಿದ್ದಾಳೆ ಅಂತ ಬರೆಯದೆ ಇದ್ದದ್ದು, ಕೋಲು ಯಾಕೆ ಇಸಿದುಕೊಂಡೆ ಅನ್ನುವುದು. ಅವಳು ಸೂಜಿಗೆ ದಾರ ಪೋಣಿಸುತ್ತಲೇ ಕೇಳಿಸಿಕೊಂಡಳು.

"ಕೋಲು ಯಾಕೆ ಇಸ್ಕಂಡೆ ಅಂತ ಅವತ್ತೇ ಗೊತ್ತಾಯ್ತು. ಕೋಲಿಲ್ದೆ ನಿಂತಾಗ ಕಾಲು ನಡುಗ್ತಿತ್ತು ಕಣೋ. ನೀನು ಫೋನ್ ನೋಡ್ತಿದ್ದೆ."

ಆಮೇಲೆ ಮಿಷನ್ನಿನ ಅಂಚು ಹಿಡಿದು ಎದ್ದು, ಕೊರಳಲ್ಲಿದ್ದ ಟೇಪು ತೆಗೆದು ಅದರ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. ನೆಲಕ್ಕೆ ಸರಿಯಾಗಿ ತಾಗಿಸಿ ಹಿಡಿ ಅಂದಳು. ನಾನು ಅವಳ ಕಾಲ ಬಳಿ ಕೂತು ಹಿಡಿದೆ. ಇದಲ್ಲ, ಇದರಿಂದ ಏಳಲು ಕೈ ಊರಬೇಕು, ಮನೆಯ ಜಗಲಿಯ ಕುರ್ಚಿ ಇದಕ್ಕಿಂತ ವಾಸಿ, ಸಂಜೆ ಅದನ್ನೂ ಅಳೆ ಅಂದಳು.

ಸಂಜೆ ಅಳೆದೆ. ಆ ಎತ್ತರಕ್ಕೆ ಸರಿಹೋಗುವ ಗಾಡಿ ಇನ್ನೂ ನಮ್ಮ ಕೈಗೆ ಬಂದಿಲ್ಲ. ಮಾರಲು ಇಟ್ಟಿರುವ ಈ ಗಾಡಿಯನ್ನು ನೋಡಲು ಬಂದವರು ಬಿಸಿಲೆ ಘಾಟಿ ಹತ್ತುತ್ತದಾ ಅಂತ ಕೇಳುತ್ತಾರೆ. ಅಕ್ಕನ ಆಟೋ ಬೆಳಿಗ್ಗೆ ಅದರ ಪಕ್ಕದಲ್ಲೇ ಬಂದು ನಿಲ್ಲುತ್ತದೆ. ಅವಳು ಒಳಗೆ ಕೂತ ಮೇಲೆ ಕೋಲನ್ನು ಅವಳ ಕೈಗೆ ಕೊಡುವುದು ನಾನು.