ಮೊದಲನೇ ಕ್ಲಿಕ್ಕು

ಎಪ್ಪತ್ತರ ದಶಕದಲ್ಲಿ ಸಿಂದಗಿ ಬಸ್ ಸ್ಟ್ಯಾಂಡಿನ ಎದುರು ನನ್ನ ಫೋಟೋಗ್ರಾಫರ್ ಗೆಳೆಯರೊಬ್ಬರ ಸ್ಟುಡಿಯೋ ಇತ್ತು. ಕ್ಯಾಮೆರಾ ಕಂಡರೆ ನಮ್ಮ ಜನ ಉಸಿರು ಬಿಗಿಹಿಡಿದು ಕಂಬದ ಹಾಗೆ ನಿಲ್ಲುತ್ತಿದ್ದರು. ಅದಕ್ಕೇ ಅವರು ಫಿಲ್ಮ್ ಹಾಕುವ ಮೊದಲೇ ಒಂದು ಸಲ ಕ್ಲಿಕ್ ಅನ್ನಿಸುತ್ತಿದ್ದರು. ಮುಗಿಯಿತೆಂದು ಎಲ್ಲರ ಮೈ ಸಡಿಲಾದ ಮೇಲೆ ನಿಜವಾದ ಫೋಟೋ. "ಮೊದಲನೇದು ಹೆದರಿಕಿ ತೆಗ್ಯಾಕ್ರಿ, ಎರಡನೇದು ಫೋಟೋಕ್ಕ" ಎನ್ನುತ್ತಿದ್ದರು.

ತಾಂಬಾದಲ್ಲಿ ಅವರು ನನ್ನ ತಂಗಿಯ ಮದುವೆಯ ಫೋಟೋ ತೆಗೆದ ಮರುದಿನವೇ ವಿಮಾನ ಪ್ರದರ್ಶನ ನೋಡಲು ನಾವಿಬ್ಬರೂ ಬೀದರಿಗೆ ಹೋದೆವು. ಜೆಟ್‌ಗಳು ನೆತ್ತಿಯ ಮೇಲೆ ಗುಡುಗಿ ಹೋಗುವಾಗ ಅವರು ಕತ್ತು ಹೊರಳಿಸುತ್ತ ಕ್ಲಿಕ್ಕಿಸಿದ್ದೇ ಕ್ಲಿಕ್ಕಿಸಿದ್ದು. ಆಮೇಲೆ ಮೂಲೆಯಲ್ಲಿ, ಒಂದರ ಮೇಲೊಂದು ರೆಕ್ಕೆಯಿದ್ದ ಹಳೆಯ ವಿಮಾನ ಕಂಡಿತು. ಹತ್ತಿರದಿಂದ ತೆಗೆಯಲು ಅದರ ಸುತ್ತ ಕಟ್ಟಿದ್ದ ಹಗ್ಗ ದಾಟಿಯೇಬಿಟ್ಟರು. ಪಹರೆಯವನು ಓಡಿಬಂದು ಕ್ಯಾಮೆರಾ ಕಸಿದುಕೊಂಡ. ಫಿಲ್ಮ್ ಕಿತ್ತು ಬಿಸಿಲಿಗೆ ಹಿಡಿಯುತ್ತೇನೆಂದ.

ನಾನು ಹಗ್ಗದ ಈಚೆಯಿಂದಲೇ, "ಮದುವಿ ರೀಲ್ ಅದರಾಗ ಐತೇನ್ರಿ?" ಎಂದೆ. ಅವರು ತಮ್ಮ ಗಿರಾಕಿಗಳ ಹಾಗೆ ತಾವೇ ಕಂಬವಾಗಿದ್ದರು.

ಪಹರೆಯವನು ಮುಚ್ಚಳ ತೆರೆದ. ಒಳಗೆ ಏನೂ ಇರಲಿಲ್ಲ. ವಿಮಾನಗಳ ಭರಾಟೆಯಲ್ಲಿ ಫಿಲ್ಮ್ ಹಾಕುವುದನ್ನೇ ಅವರು ಮರೆತಿದ್ದರು! ಪಹರೆಯವನು ನಕ್ಕು ಕ್ಯಾಮೆರಾ ವಾಪಸು ಕೊಟ್ಟ. ಇವರು ಅಂಗಿಯ ಕಿಸೆ ತಟ್ಟಿಕೊಂಡು, "ಮದುವಿ ಇಲ್ಲೈತ್ರಿ" ಎಂದರು.

ನಾನು ಹಗ್ಗದ ಈಚೆ ನೆಲದ ಮೇಲೆ ಕುಸಿದು ಕೂತು ಉದ್ದಕ್ಕೆ ಉಸಿರು ಬಿಟ್ಟೆ. ಅವರು ನನ್ನ ಮುಖವನ್ನೇ ನೋಡಿದರು. ಚೀಲದಿಂದ ಹೊಸ ರೀಲು ತೆಗೆದರು.

"ಹೆದರಿಕಿ ಹೋತಲ್ರಿ? ವಿಮಾನದ ಕಡೆ ಬೆನ್ನು ಮಾಡಿ ಹಂಗ ಕೂಡ್ರಿ. ಈಗ ಫಿಲ್ಮ್ ಹಾಕ್ತೇನಿ."